ಕೋಣದ ಸಾಹೇಬರ ಎರಡು ಬೆರಳು

ಫಕ್ರುದ್ದೀನ್ ಸಾಹೇಬರ ಎಡಗೈಯಲ್ಲಿ ಬೆರಳು ಮೂರೇ. ಉಂಗುರದ ಬೆರಳು, ಕಿರುಬೆರಳು ಎರಡೂ ಬುಡದಿಂದಲೇ ಇಲ್ಲ. ಬೇರೆ ಯಾರಾದರೂ ಆಗಿದ್ದರೆ ಅಂಥ ಕೈಯನ್ನು ಜೇಬಿನಲ್ಲೋ ಹೆಗಲಿನ ವಸ್ತ್ರದಲ್ಲೋ ಮುಚ್ಚಿಟ್ಟುಕೊಳ್ಳುತ್ತಿದ್ದರು. ಇವರು ಎಲ್ಲಿ ಕೂತರೂ ಆ ಕೈಯನ್ನು ಮಂಡಿಯ ಮೇಲೆ, ನಾಲ್ಕು ಜನಕ್ಕೆ ಕಾಣುವಂತೆ ಇಡುವರು. ಕಂಡವರು ಕೇಳದೆ ಬಿಡುತ್ತಾರೆಯೇ? ಮೊದಲ ಸಲ ಕೇಳಿದಾಗ "ಅಯ್ಯೋ ಬುಡಿ, ಅದೇನ್ ದೊಡ್ಡ ಮಾತು" ಎಂದು ಕೈ ಕೊಡವುವರು. ಎರಡನೆಯ ಸಲ ಕೇಳಿಸಿಕೊಂಡ ಮೇಲೆ ಶುರುವಾಗುವುದು: ಬರ್ಮಾ ಗಡಿಯ ಕಾಡು, ಮಿಲಿಟರಿಗಾಗಿ ಕಡಿಯುತ್ತಿದ್ದ ರಸ್ತೆ, ಮರದ ಮೇಲೆ ಅಡಗಿ ಕೂತ ಜಪಾನಿನವನು, ಒಂದೇ ಒಂದು ಗುಂಡು. ಬೆರಳು ಹೋಯಿತು, ಹಿಡಿದ ಬುಲ್‌ಡೋಜರಿನ ಲಿವರ್ ಮಾತ್ರ ಬಿಡಲಿಲ್ಲ! ಶಿರಾ ಪೇಟೆಯಲ್ಲಿ ಈ ಕಥೆ ಕೇಳದ ಕಿವಿಯಿಲ್ಲ. ಅವರ ಹೆಂಡತಿ ಶರ್ಫುನ್ನೀಸಾ ಇದನ್ನು ಗಂಡನಿಗಿಂತ ಸೊಗಸಾಗಿ ಹೇಳುತ್ತಿದ್ದಳು. ಅವಳ ಬಾಯಲ್ಲಿ ಜಪಾನಿನವರು ಮೂವರು.

ಯುದ್ಧ ಮುಗಿದ ಮರುವರ್ಷ ಮದಲೂರು ಕೆರೆಯ ಏರಿ ಭದ್ರಪಡಿಸಲು ಮಿಲಿಟರಿಯವರು ಬಿಟ್ಟುಹೋದ ಒಂದು ಬುಲ್‌ಡೋಜರ್ ಬಂತು. ಅದನ್ನು ನಡೆಸಬಲ್ಲವರು ಸುತ್ತಿನ ಮೂರು ತಾಲ್ಲೂಕಿನಲ್ಲಿ ಒಬ್ಬರೇ, ನಮ್ಮ ಸಾಹೇಬರು. ಊರಿನವರು ಯಂತ್ರಕ್ಕೆ ಕೋಣ ಎಂದು ಹೆಸರಿಟ್ಟರು. ಅದರ ಮುಂದೆ ಮಣ್ಣು ತಳ್ಳುವ ಉಕ್ಕಿನ ದೊಡ್ಡ ತಗಡಿಗೆ ಹಲಗೆ ಎಂದರು. ಎತ್ತು ಕಟ್ಟಿ ಹೊಲ ಮಟ್ಟ ಮಾಡುವ ಹಲಗೆಯನ್ನು ಕಂಡವರಿಗೆ ಬೇರೆ ಹೆಸರು ಯಾಕೆ ಬೇಕು? ಸಾಹೇಬರು ಕೋಣದ ಸಾಹೇಬರಾದರು. ನೂರು ಗಾಡಿ ಮಣ್ಣಿನ ಕೆಲಸವನ್ನು ಕೋಣ ಹೊತ್ತೇರುವಷ್ಟರಲ್ಲಿ ಮುಗಿಸುವುದನ್ನು ನೋಡಲು ಮಿಡಿಗೇಶಿಯ ಕಡೆಯಿಂದಲೂ ಜನ ಬುತ್ತಿ ಕಟ್ಟಿಕೊಂಡು ಬರುತ್ತಿದ್ದರು.

ಆದರೆ ಸಾಹೇಬರ ಜಂಬವೆಲ್ಲ ಬಾಯಲ್ಲಿ ಮಾತ್ರ, ಕೆಲಸದಲ್ಲಿ ಒಂದು ಚೂರೂ ಇರಲಿಲ್ಲ. ಬೆಳಿಗ್ಗೆ ಬಂದವರೇ ಬರಿಗಾಲಲ್ಲಿ ಏರಿಯ ಮೇಲೆ ನಡೆದು, ಎಲ್ಲಿ ಮಣ್ಣು ಮೆತ್ತಗಿದೆ ಎಂದು ಹಾರೆಯಿಂದ ಚುಚ್ಚಿ ನೋಡುವರು. ಡೀಸೆಲ್ ಟ್ಯಾಂಕಿನ ತಳದಿಂದ ಒಂದು ಲೋಟ ಇಳಿಸಿ, ನೀರು ಸೇರಿದೆಯೇ ಎಂದು ಬಿಸಿಲಿಗೆ ಹಿಡಿಯುವರು. ಗಾಲಿಗೆ ಸುತ್ತಿದ ಉಕ್ಕಿನ ಸರಪಳಿಯ ಒಂದೊಂದು ಬೋಲ್ಟಿಗೂ ಸುತ್ತಿಗೆಯಿಂದ ತಟ್ಟಿ ಕಿವಿಗೊಡುವರು. ಹಲಗೆಯನ್ನು ಎತ್ತುವುದು ಬೆನ್ನ ಹಿಂದಿನ ಡ್ರಮ್ಮಿಗೆ ಸುತ್ತಿದ ಉಕ್ಕಿನ ಹಗ್ಗ; ಎತ್ತಿದ ಮೇಲೆ ಅದನ್ನು ಬೀಳದಂತೆ ಹಿಡಿಯುವುದು ಡ್ರಮ್ಮಿನ ಬ್ರೇಕಿನ ಪಟ್ಟಿ. ಆ ಹಗ್ಗದ ಉದ್ದಕ್ಕೂ ಹತ್ತಿಯ ಉಂಡೆ ಸವರಿಕೊಂಡು ಹೋಗುವರು. ಒಂದು ಎಳೆ ಹರಿದಿದ್ದರೂ ಹತ್ತಿ ಅಲ್ಲೇ ಸಿಕ್ಕಿಕೊಳ್ಳುತ್ತದೆ. ಇಷ್ಟೆಲ್ಲ ಆಗುವವರೆಗೆ ಓವರ್ಸಿಯರ್ ತಲೆಕೆಳಗಾಗಿ ನಿಂತರೂ ಎಂಜಿನ್ ಎಬ್ಬಿಸುತ್ತಿರಲಿಲ್ಲ. ಎಂಜಿನ್ ನಿಲ್ಲಿಸಿದರೆ ಹಲಗೆ ನೆಲದ ಮೇಲೆ ಕೂತಿರಲೇಬೇಕು. ರಿಪೇರಿಗೆ ಎತ್ತಿ ಇಡಬೇಕಾದರೆ ಕೆಳಗೆ ಎರಡು ಮರದ ದಿಮ್ಮಿ. ಎಂಟು ತಿಂಗಳಲ್ಲಿ ಕೋಣದಿಂದ ಒಬ್ಬರಿಗೂ ಒಂದು ಗೀರು ಗಾಯವಾಗಿರಲಿಲ್ಲ. ಹೆಮ್ಮೆ ಪಡಬೇಕಾದ್ದು ಇದಕ್ಕೆ. ಆದರೆ ಯಾರೂ ಕೇಳುತ್ತಿರಲಿಲ್ಲ, ಅವರೂ ಹೇಳುತ್ತಿರಲಿಲ್ಲ.

ಆಯುಧಪೂಜೆ ಬಂತು. ಪಟೇಲ ಮೂಡಲಗಿರಿಯಪ್ಪ ವಾರದ ಮುಂಚೆಯೇ ಹೇಳಿಬಿಟ್ಟಿದ್ದ: "ಈ ಸಲ ಕತ್ತಿ ಕುಡ್ಲು ಆಮ್ಯಾಕೆ, ಮೊದ್ಲು ಕೋಣಕ್ಕೆ. ಸಾಯ್ಬ್ರೇ, ಮನೆಯವ್ರನ್ನೂ ಕರ್ಕಂಡ್ ಬರ್ಬೇಕು ನೀವು." ಸಾಹೇಬರು ಹಿಂದಿನ ದಿನ ಶಿರಾಕ್ಕೆ ಹೋಗಿ, ಬೆಳಗಿನ ನಮಾಜು ಮುಗಿಸಿ, ಹೆಂಡತಿಯನ್ನು ಕಮಾನು ಗಾಡಿಯಲ್ಲಿ ಕೂರಿಸಿಕೊಂಡು ಹೊರಟರು. ಶರ್ಫುನ್ನೀಸಾ ಗಂಡನ ಯಂತ್ರವನ್ನು ಅದುವರೆಗೂ ಕಣ್ಣಾರೆ ಕಂಡಿರಲಿಲ್ಲ. ದಾರಿಯುದ್ದಕ್ಕೂ ಪರದೆ ಸರಿಸಿ ಸರಿಸಿ ನೋಡುತ್ತಿದ್ದಳು.

ಅವರು ಬಂದಾಗ ಕೋಣದ ಗುರುತೇ ಸಿಗುವಂತಿರಲಿಲ್ಲ. ಊರ ಹೆಂಗಸರು ಮೂಡಲು ಬೆಳಗಾಗುವಾಗಿನಿಂದ ಕೊಡಕೊಡ ನೀರು ಹೊತ್ತು ತಲೆಯಿಂದ ಬಾಲದವರೆಗೆ ಮೀಸಿದ್ದರು. ಹಲಗೆಗೆ ಅಡ್ಡಡ್ಡ ವಿಭೂತಿ, ನಡುವೆ ಅಂಗೈ ಅಗಲದ ಕುಂಕುಮ, ಎರಡು ಕಡೆ ಬಾಳೆಕಂದು. ಹಲಗೆಯ ಮಧ್ಯದಿಂದ ಚೆಂಡುಹೂವಿನ ಉದ್ದನೆಯ ಹಾರ. ಸಾಹೇಬರ ಕಣ್ಣು ತುಂಬಿಬಂತು. ಕಾಡಿನಲ್ಲಿ ಬೈಗುಳ ತಿಂದುಕೊಂಡು ಕಲಿತ ವಿದ್ಯೆಗೆ ಒಂದು ಊರೇ ಹೂ ಮುಡಿಸಿ ನಿಂತಿತ್ತು, ಅದೂ ಹೆಂಡತಿಯ ಕಣ್ಣೆದುರಿಗೆ. ಪಟೇಲ ಹಲಗೆಯ ಮುಂದೆ ನೆಲದ ಮೇಲೆ ಬೂದುಗುಂಬಳ ಇಟ್ಟು, "ಹತ್ರಿ ಸಾಯ್ಬ್ರೇ, ಎಬ್ಬಿಸ್ರಿ! ಕೋಣ ಹಲಗೆ ಎತ್ಲಿ!" ಎಂದ. ವಾಲಗದವರು ಊದಿದರು.

ಸಾಹೇಬರು ಹತ್ತಿ ಕೂತರು. ಹಾರೆ ಮುಟ್ಟಲಿಲ್ಲ, ಸುತ್ತಿಗೆ ಮುಟ್ಟಲಿಲ್ಲ, ಹತ್ತಿಯ ಉಂಡೆ ಜೇಬಿನಲ್ಲೇ ಉಳಿಯಿತು. ಎಂಟು ತಿಂಗಳಲ್ಲಿ ಅದೊಂದೇ ದಿನ.

ಮೊದಲು ಪೆಟ್ರೋಲಿನ ಸಣ್ಣ ಎಂಜಿನ್ನು ಗುರ್‌ ಎಂದಿತು, ಅದರ ಬೆನ್ನಿಗೆ ದೊಡ್ಡದು ಎದ್ದಿತು. ಲಿವರ್ ಎಳೆದರು. ಹಲಗೆ ಮೇಲೆದ್ದು ಎದೆಯೆತ್ತರಕ್ಕೆ ಬಂದು ನಿಂತಿತು. ಜನ ಕೇಕೆ ಹಾಕಿದರು. ಸಾಹೇಬರು ಕೋಣವನ್ನು ಒಂದು ಮಾರು ಮುಂದಕ್ಕೆ ನಡೆಸಿ, ಕುಂಬಳಕಾಯಿ ನೇರ ಹಲಗೆಯ ಕೆಳಗೆ ಬರುವಂತೆ ನಿಲ್ಲಿಸಿ, ಎಂಜಿನ್ನಿನ ಸದ್ದು ಇಳಿಸಿದರು. ಹಾರದ ತುದಿ ಕಾಯಿಗಿಂತ ಒಂದು ಗೇಣು ಮೇಲೆ ತೂಗಾಡುತ್ತಿತ್ತು. ಆಗ ಪಟೇಲ ಜನರ ಕಡೆ ತಿರುಗಿದ.

"ಅಮ್ಮನ್ ಪಲ್ಲಕ್ಕಿ ಕೆಳ್ಗೆ ನುಸೀತೀವಲ್ಲ, ಅಂಗೇ ಒಬ್ಬೊಬ್ರಾಗಿ ನುಸ್ದು ಬನ್ರಪ್ಪ. ನಮ್ ಕೆರೆ ಕಾದ ಹಲಗೆ ಇದು. ಮಕ್ಳು ಮರೀನ ಕರ್ಕಳ್ಳಿ!"

ಆ ಕಡೆಯಲ್ಲಿ ಅದು ಹಳೆಯ ನಡಾವಳಿ. ದೇವಿಯ ಪಲ್ಲಕ್ಕಿ ಹೊರಟಾಗ ಕೆಳಗೆ ನುಸಿದು ಬಂದರೆ ರೋಗ ರುಜಿನ ಬಿಟ್ಟುಹೋಗುತ್ತದೆ ಎಂಬ ನಂಬಿಕೆ. ಆದರೆ ಪಲ್ಲಕ್ಕಿಯನ್ನು ಹೊರುವುದು ಎಂಟು ಹೆಗಲು. ಇದನ್ನು ಹೊತ್ತಿದ್ದು ಬ್ರೇಕಿನ ಒಂದು ಪಟ್ಟಿ. ಜನ ಆಗಲೇ ಸಾಲು ನಿಂತಿದ್ದರು. ಎಲ್ಲರಿಗಿಂತ ಮುಂದೆ ಚನ್ನಮಲ್ಲಮ್ಮ, ಊರ ಅರ್ಧ ಮಕ್ಕಳ ಹೆರಿಗೆ ಮಾಡಿಸಿದ ಮುದುಕಿ. ಅವಳ ಸೊಂಟದಲ್ಲಿ ನಾಲ್ಕು ವರ್ಷವಾದರೂ ಕಾಲೂರಿ ನಿಲ್ಲದ ಮೊಮ್ಮಗಳು.

"ಬ್ಯಾಡ! ಬ್ಯಾಡ! ಹಿಂದೆ ಸರೀರಿ!" ಎಂದು ಸಾಹೇಬರು ಕೂಗಿದರು. ಹಲಗೆಯನ್ನು ಇಳಿಸಿಬಿಡೋಣ ಎಂದರೆ ಜನ ಅದರ ಅಂಚಿಗೇ ಬಂದುಬಿಟ್ಟಿದ್ದರು. ಎಣಿಸಿದರು: ಹದಿನೆಂಟು ತಲೆ. ಹಾರದ ಕಡೆ ಕಣ್ಣು ಹೋಯಿತು. ಗೇಣು ಮೇಲಿದ್ದ ಹೂವು ಈಗ ಕುಂಬಳಕಾಯಿಗೆ ತಾಗುತ್ತಿತ್ತು. ತಿರುಗಿ ನೋಡಿದರೆ ಡ್ರಮ್ಮಿನ ಕೆಳಗಿನಿಂದ ತೊಟ್ಟು ತೊಟ್ಟು ನೀರು. ಮಜ್ಜನದ ನೀರು ಬ್ರೇಕಿನ ಪಟ್ಟಿಗೆ ಇಳಿದಿತ್ತು. ಒದ್ದೆ ಪಟ್ಟಿ ಹಿಡಿಯುತ್ತಿರಲಿಲ್ಲ, ಹಲಗೆ ಒಂದೊಂದೇ ಬೆರಳಗಲ ಜಾರುತ್ತಿತ್ತು.

"ಯಾಕ್ ಸಾಯ್ಬ್ರೇ ಬ್ಯಾಡ?" ಪಟೇಲನ ಮುಖ ಬಿಗಿಯಿತು. "ಪೂಜೆ ಗಂಟ ಸುಮ್ಕಿದ್ದು, ಈಗ ನಮ್ ಶಾಸ್ತ್ರ ಅಂದೇಟ್ಗೆ ಬ್ಯಾಡ್ವಾ? ನಿಮ್ಗೊಂದ್ ದೇವ್ರು ನಮ್ಗೊಂದ್ ದೇವ್ರು ಅಂತ ನಾವ್ ಯಾವತ್ತಾರ ಅಂದಿದ್ವಾ?"

"ಅದಲ್ಲ ಪಟೇಲ್ರೇ, ಹಲಗೆ ಬೀಳ್ತೈತೆ!"

ಚನ್ನಮಲ್ಲಮ್ಮ ನಕ್ಕಳು. "ನೀವಿದ್ದೀರಲ್ಲಪ್ಪ ಮೇಲೆ. ಜಪಾನ್‌ನೋರ್ ಗುಂಡು ಒಡುದ್ರೂ ಕೈ ಬುಡ್ನಿಲ್ಲವಂತೆ. ಇವತ್ತು ನನ್ ಮೊಮ್ಮಗೀಗೆ ಕೈ ಬುಟ್ಟೀರಾ?" ಎಂದು ತಲೆ ಬಗ್ಗಿಸಿದಳು.

ಈ ಒಂದು ಮಾತು ಸಾಹೇಬರನ್ನು ಕಟ್ಟಿಹಾಕಿತು. ಅವರ ಕಥೆಯನ್ನು ನಂಬಿಯೇ ಆ ಮುದುಕಿ ಮಗುವನ್ನು ಹಲಗೆಯ ಕೆಳಗೆ ಒಯ್ಯುತ್ತಿದ್ದಳು. ಆಲದ ಮರದ ನೆರಳಿನಲ್ಲಿ ಶರ್ಫುನ್ನೀಸಾ ಊರ ಹೆಂಗಸರ ನಡುವೆ ಕೂತು, ಇವರನ್ನೇ ನೋಡುತ್ತಿದ್ದಳು. ಅವಳ ಮುಖದಲ್ಲಿ ಆ ಕ್ಷಣ ಇದ್ದಂಥ ಹೆಮ್ಮೆಯನ್ನು ಸಾಹೇಬರು ಮದುವೆಯಾದಾಗಿನಿಂದ ಕಂಡಿರಲಿಲ್ಲ. ಅದನ್ನು ತಮ್ಮ ಕೈಯಾರೆ ಒರೆಸಬೇಕಾಗಿತ್ತು.

ಮೂರು ಬೆರಳಿನ ಕೈಯನ್ನು ಎತ್ತಿ ಹಿಡಿದರು. ದನಿ ಒಡೆಯುವಂತೆ ಕೂಗಿದರು.

"ಚನ್ನಮಲ್ಲಮ್ಮಾ, ನಿಂತ್ಕಾ! ಇದು ಗುಂಡಿಗೆ ಹೋದ ಬೆರಳಲ್ಲ. ಜಪಾನ್‌ನೋನೂ ಇಲ್ಲ, ಗಿಪಾನ್‌ನೋನೂ ಇಲ್ಲ. ಇಂಥದೇ ಒಂದು ಹಲಗೆ! ಎತ್ತಿದೋನು ನಾನೇ, ದಿಮ್ಮಿ ಕೊಡ್ದೆ ಕೆಳ್ಗೆ ಕೈ ಹಾಕಿ ಮಣ್ಣು ಕೆರೆದೋನೂ ನಾನೇ. ಇಷ್ಟ್ ದಿನ ಸುಳ್ಳು ಹೇಳ್ದೆ. ಅಗೋ ನನ್ ಹೆಂಡ್ತಿ ಕೂತವ್ಳೆ, ಅವಳ್ಗೂ ಅದೇ ಸುಳ್ಳು ಹೇಳಿವ್ನಿ. ಇವತ್ತೂ ನೋಡ್ದೆ ಮಾಡ್ದೆ ಹತ್ತಿ ಕೂತ್ಬುಟ್ಟೆ, ಪಟ್ಟಿ ನೆಂದೋಗೈತೆ. ಅವತ್ತು ಎರಡು ಬೆರಳು ತಗಂಡು ಬುಡ್ತು ಕಣಮ್ಮ. ಇವತ್ತು ಅಷ್ಟಕ್ಕೆ ಬುಡಾಕಿಲ್ಲ!"

ವಾಲಗ ನಿಂತಿತು. ಕೋಣದ ಗುಡುಗುಡು ಒಂದೇ ಕೇಳುತ್ತಿತ್ತು. ಚನ್ನಮಲ್ಲಮ್ಮ ತಲೆಯೆತ್ತಿ ಆ ಕೈಯನ್ನು ನೋಡಿದಳು. ಸಾವಿರ ಸಲ ಕಂಡ ಕೈಯೇ. ಆಮೇಲೆ ಮೊಮ್ಮಗಳನ್ನು ಎದೆಗೆ ಅವುಚಿಕೊಂಡು ಹಿಂದೆ ಸರಿದಳು. ಅವಳೇ ಸರಿದ ಮೇಲೆ ಉಳಿದವರು ನಿಲ್ಲುತ್ತಾರೆಯೇ? ಪಟೇಲ ಕೈ ಅಗಲಿಸಿ ಎಲ್ಲರನ್ನೂ ಹತ್ತು ಮಾರು ಹಿಂದಕ್ಕೆ ತಳ್ಳಿದ.

ಸಾಹೇಬರು ಹಲಗೆಯನ್ನು ದಿನಾ ಇಳಿಸುವ ಹಾಗೆ, ನಿದ್ದೆಹೋದ ಕೂಸನ್ನು ಮಲಗಿಸುವಷ್ಟು ಮೆಲ್ಲಗೆ ಇಳಿಸಲು ಲಿವರ್ ಮುಟ್ಟಿದರು. ಪಟ್ಟಿ ಹಿಡಿಯಲೇ ಇಲ್ಲ. ಹಲಗೆ ಧಡ್ ಎಂದು ಬಿತ್ತು. ಏರಿ ಅದುರಿತು. ಬೂದುಗುಂಬಳ ಇದ್ದ ಜಾಗದಲ್ಲಿ ಬಿಳಿಯ ತಿರುಳಿನ ನಾಲ್ಕು ಚೂರು ಬಿಟ್ಟು ಏನೂ ಉಳಿಯಲಿಲ್ಲ.

ಎಂಜಿನ್ ನಿಲ್ಲಿಸಿ ಇಳಿದರು. ಡ್ರಮ್ಮಿನ ಮುಚ್ಚಳ ಬಿಚ್ಚಿ, ತೊಯ್ದ ಪಟ್ಟಿಯನ್ನು ಪಟೇಲನಿಗೆ ತೋರಿಸಿದರು. ಪಟೇಲ ಅದನ್ನು ಬೆರಳಿನಿಂದ ಒತ್ತಿ, ಇಳಿದ ನೀರನ್ನು ನೋಡಿದ. "ನಾವೇ ಉಯ್ದಿದ್ದು" ಎಂದ. "ತಪ್ಪು ನಮ್ದೂ ಐತೆ, ಸಾಯ್ಬ್ರೇ."

"ನೀವ್ ಉಯ್ದ್ರಿ. ನೋಡ್ಬೇಕಾದೋನು ನಾನು" ಎಂದರು ಸಾಹೇಬರು.

ಚನ್ನಮಲ್ಲಮ್ಮ ಹತ್ತಿರ ಬಂದಳು. "ಅಲ್ಲಪ್ಪ, ಅಂಗಾದ್ರೆ ನನ್ ಕೂಸಿಗೇನೂ ಇಲ್ವಾ?"

ಸಾಹೇಬರು ಹಲಗೆಯ ಎರಡು ಕೊನೆಯನ್ನೂ ಒದ್ದು ನೋಡಿದರು. ಎಲ್ಲೂ ಅಲುಗಲಿಲ್ಲ. "ಈಗ ನೆಲಕ್ಕೆ ಕೂತೈತೆ ಕಣಮ್ಮ. ಕೂತಾಗ ಎಷ್ಟ್ ಬೇಕಾರೂ ಮುಟ್ಟಿ, ಸುತ್ತು ಬನ್ನಿ. ಎದ್ದಾಗ ಮಾತ್ರ ಯಾರೂ ಹತ್ರ ಸುಳೀಬ್ಯಾಡಿ" ಎಂದರು. ಮುದುಕಿ ಮಗುವಿನ ಎರಡೂ ಅಂಗೈಯನ್ನು ಕುಂಕುಮದ ಮೇಲೆ ಊರಿಸಿದಳು. ಉಕ್ಕಿನ ಆಸರೆಗೆ ಆ ಮಗು ಅರೆಕ್ಷಣ ಒರಗಿ ನಿಂತಿತು ಎಂದು ಕೆಲವರು ಆಮೇಲೆ ಹೇಳಿದರು. ನಿಂತಿತೋ ಅಜ್ಜಿ ಹಿಡಿದಿದ್ದಳೋ, ಸಾಹೇಬರು ಮಾತ್ರ ಆ ವಿಷಯದಲ್ಲಿ ಬಾಯಿ ಬಿಡಲಿಲ್ಲ. ಊರೆಲ್ಲ ಕೋಣಕ್ಕೆ ಮೂರು ಸುತ್ತು ಬಂತು.

ಗಾಡಿ ಶಿರಾದ ಕಡೆ ಹೊರಟಾಗ ಇಳಿಬಿಸಿಲು. ಸಾಹೇಬರು ಎಡಗೈಯನ್ನು ಮೊದಲ ಸಲ ಅಂಗಿಯ ಮರೆಗೆ ಸರಿಸಿ ಕೂತಿದ್ದರು. ಎರಡು ಹರದಾರಿ ದಾಟಿದ ಮೇಲೆ ಶರ್ಫುನ್ನೀಸಾ ಮನೆಯ ಉರ್ದುವಿನಲ್ಲಿ ಕೇಳಿದಳು:

"ಈಗ ನನ್ನ ಆ ಮೂವರು ಜಪಾನಿನವರನ್ನು ಎಲ್ಲಿಗೆ ಕಳಿಸಲಿ?"

ಅವಳು ಗಂಡನ ಅಂಗಿಯ ಮರೆಯಿಂದ ಆ ಕೈಯನ್ನು ಎಳೆದು ತನ್ನ ಮಡಿಲಲ್ಲಿ ಇಟ್ಟುಕೊಂಡಳು.

ಮರುದಿನ ಬೆಳಿಗ್ಗೆ ಸಾಹೇಬರು ಹಿತ್ತಲಲ್ಲಿ ಸೈಕಲ್ಲಿಗೆ ಗಾಳಿ ಹೊಡೆಯುತ್ತಿದ್ದಾಗ, ಗೋಡೆಯಾಚೆಯಿಂದ ಪಕ್ಕದ ಮನೆಯ ಜಮೀಲಾಳ ದನಿ ಕೇಳಿತು. "ಏನಮ್ಮ, ಮದಲೂರಿನಿಂದ ಬಂದವರು ಹೇಳುತ್ತಿದ್ದರು. ಗುಂಡು ಹೊಡೆದದ್ದೇ ಸುಳ್ಳಂತೆ?"

ಸಾಹೇಬರ ಕೈ ಪಂಪಿನ ಮೇಲೆ ನಿಂತಿತು.

"ಹೌದು, ಸುಳ್ಳು" ಎಂದಳು ಗೋಡೆಯ ಈಚೆ ನಿಂತಿದ್ದ ಶರ್ಫುನ್ನೀಸಾ. "ಗುಂಡು ತಿಂದು ಬಂದವರು ಈ ಮೊಹಲ್ಲಾದಲ್ಲೇ ನಾಲ್ಕು ಜನ ಇದ್ದಾರೆ. ಹೆಂಡತಿ ನೋಡುತ್ತಿರುವಾಗ, ಇಡೀ ಊರಿನ ಎದುರಿಗೆ, ತಪ್ಪು ನನ್ನದು ಎಂದು ಕೂಗಿ ಹೇಳಿದ ಗಂಡಸನ್ನು ನೀನು ಎಲ್ಲಾದರೂ ಕಂಡಿದ್ದೀಯಾ? ನಾನು ನಿನ್ನೆ ಕಂಡೆ. ನಲವತ್ತು ಜನ ಆ ಹಲಗೆಯ ಕೆಳಗೆ ಹೋಗುವವರಿದ್ದರು, ಗೊತ್ತಾ? ನಲವತ್ತು!"

ಸಾಹೇಬರು ಎದ್ದು ಗೋಡೆಯ ಹತ್ತಿರ ಬಂದರು.

"ನಲವತ್ತಲ್ಲ" ಎಂದರು. "ಹದಿನೆಂಟು. ನಾನೇ ಎಣಿಸಿದ್ದೇನೆ."

ಶರ್ಫುನ್ನೀಸಾ ತಿರುಗಿ ಗಂಡನನ್ನು ಮೇಲಿಂದ ಕೆಳಗೆ ನೋಡಿದಳು. ನಿನ್ನೆ ಆಲದ ಮರದ ಕೆಳಗೆ ಇದ್ದ ಮುಖವೇ ಅದು, ಇನ್ನೂ ಒಂದಿಷ್ಟು ಹೆಚ್ಚೇ ಬೆಳಗುತ್ತಿತ್ತು.

"ಹದಿನೆಂಟೇ ಆಗಲಿ" ಎಂದಳು ಜಮೀಲಾಳಿಗೆ. "ಹದಿನೆಂಟೂ ಮನೆಗೆ ಹೋಗಿ ಹಬ್ಬದ ಊಟ ಉಂಡರು." ಒಳಗೆ ಹೋಗಿ, ಹಾಸಿಗೆಯ ಅಂಚು ಬಿಚ್ಚಿ ತೆಗೆದ ಒಂದು ಹಿಡಿ ಹತ್ತಿಯನ್ನು ತಂದು, ಕೋಣದ ಹಗ್ಗ ಸವರಲೆಂದು ಅವರ ಮೂರು ಬೆರಳಿನ ಕೈಯಲ್ಲಿ ಇಟ್ಟಳು.