ಇಲ್ಲಿಗೆ ಮುಗೀತು

"ಆಸ್ಪತ್ರೆಯೂ ಬೇಡ, ಪೊಲೀಸೂ ಬೇಡ. ಮೂರು ಲಕ್ಷ ವೊನ್ ಕೊಟ್ಟು ಹೋಗಮ್ಮಾ, ಇಲ್ಲಿಗೆ ಮುಗೀತು," ಎನ್ನುತ್ತ ಮುದುಕ ಪ್ಯಾಂಟಿನ ಧೂಳು ಕೊಡವಿಕೊಂಡ.

ಸುನ್ರೆ ವ್ಯಾನಿನಿಂದಿಳಿದು ಅವನೆದುರು ನಿಂತಿದ್ದಳು. ತನ್ನ ಸುಟ್ಟಮೀನಿನ ಹೋಟೆಲಿಗೆ ಮೀನು ತರಲು ದಕ್ಷಿಣ ಕೊರಿಯಾದ ಮೊಕ್ಪೊ ಬಂದರಿಗೆ ಹೊರಟಿದ್ದಳು. ಗಲ್ಲಿಯ ತಿರುವಿನಲ್ಲಿ ವ್ಯಾನು ಅವನಿಗೆ ತಗುಲಿತ್ತು. ಬಿದ್ದವನು ತಾನಾಗಿಯೇ ಎದ್ದಿದ್ದ. ರಕ್ತವೇನೂ ಕಾಣಲಿಲ್ಲ. ಬೆಳಗಿನ ಆರು ಗಂಟೆ. ಅಂಗಡಿಗಳ ಶಟರುಗಳಿನ್ನೂ ಮೇಲೇರಿರಲಿಲ್ಲ.

"ತಾತ, ತಲೆಗೇನಾದ್ರೂ ಪೆಟ್ಟು ಬಿತ್ತಾ?"

"ಎಪ್ಪತ್ತೆಂಟು ವರ್ಷದ ತಲೆ ಕಣಮ್ಮಾ, ಒಡೆಯೋಕೆ ಕುಂಬಳಕಾಯಿ ಅಲ್ಲ! ದುಡ್ಡು ತೆಗಿ."

ಸಿಗ್ನಲ್ ದಾಟಿ ಅವಳು ಈಗಾಗಲೇ ಎರಡು ಸಲ ಸಿಕ್ಕಿಬಿದ್ದಿದ್ದಳು. ಇನ್ನೊಂದು ಕೇಸಾದರೆ ಲೈಸೆನ್ಸ್ ಹೋಗುತ್ತದೆ, ವ್ಯಾನಿಲ್ಲದೆ ಹೋಟೆಲಿಲ್ಲ. ಆದರೆ ಹೀಗೇ ಕೈಗೆ ದುಡ್ಡಿಟ್ಟು ಬಂದ ಓರಗಿತ್ತಿಯ ಮೇಲೆ ಮಾರನೆಯ ದಿನ 'ಗುದ್ದಿ ಓಡಿಹೋದಳು' ಎಂಬ ದೂರು ಬಿದ್ದದ್ದೂ ನೆನಪಾಯಿತು. ಯಾವ ಕಡೆ ತಿರುಗಿದರೂ ಭಯವೇ. ಕೊನೆಗೆ ಐವತ್ತು ಸಾವಿರದ ಆರು ನೋಟು ಅವನ ಕೈಗಿಟ್ಟಳು. ಅವನು ಮಡಚಿ ಜೇಬಿಗೆ ಸೇರಿಸಿ ಗೋಡೆಗೊರಗಿದ.

ಅವಳು ವ್ಯಾನಿನ ಬಾಗಿಲಿಗೆ ಕೈ ಹಾಕುವಷ್ಟರಲ್ಲಿ ಹಿಂದಿನಿಂದ ದನಿ ಬಂತು.

"ಮೂರು ಲಕ್ಷ ಕೊಟ್ಟು ಹೋಗಮ್ಮಾ. ಇಲ್ಲಿಗೆ ಮುಗೀತು."

"ಈಗ ತಾನೇ ಕೊಟ್ನಲ್ಲ ತಾತ! ಏನು, ಆಟ ಆಡ್ತಿದ್ದೀರಾ?" ಸಿಟ್ಟಿನಿಂದ ತಿರುಗಿದಳು.

ಅವನ ಮುಖದಲ್ಲಿ ಕಪಟವಿರಲಿಲ್ಲ. ಒಂದು ಕಣ್ಣಿನ ರೆಪ್ಪೆ ಜೋತುಬಿದ್ದಿತ್ತು. "ಏನು ಕೊಟ್ಟೆ? ನೀನ್ಯಾರಮ್ಮಾ?"

ಸುನ್ರೆ ಗಲ್ಲಿಯ ಎರಡೂ ತುದಿ ನೋಡಿದಳು. ಈಗ ಹೊರಟುಬಿಟ್ಟರೆ ಈ ಮನುಷ್ಯನಿಗೆ ತನ್ನ ಮುಖವೂ ನೆನಪಿರುವುದಿಲ್ಲ. ಗಲ್ಲಿಯಲ್ಲಿ ನರಪಿಳ್ಳೆಯೂ ಇಲ್ಲ. ಅವಳು ಸೀಟಿನಲ್ಲಿ ಕೂತು ಕೀಲಿ ತಿರುಗಿಸಿಯೂ ಬಿಟ್ಟಳು. ಕನ್ನಡಿಯಲ್ಲಿ, ಅವನು ಗೋಡೆ ಸವರುತ್ತ ಮೆಲ್ಲಗೆ ಕುಸಿಯುವುದು ಕಂಡಿತು.

ಆಂಬುಲೆನ್ಸಿಗೆ ಫೋನ್ ಹಚ್ಚಿದಳು. "ಇಲ್ಲೊಬ್ರು ತಾತ ಬಿದ್ದಿದ್ದಾರೆ..." ಇನ್ನೊಂದು ಕೈಯಿಂದ ವ್ಯಾನಿನ ಕೀಲಿ ಹಿಂದಕ್ಕೆ ತಿರುಗಿಸಿದಳು. "ನಾನೇ ಗುದ್ದಿದ್ದು. ಬೇಗ ಬನ್ನಿ."

ತಲೆಯೊಳಗೆ ರಕ್ತ ಸೋರುತ್ತಿದೆ, ತಕ್ಷಣ ಆಪರೇಷನ್ ಆಗಬೇಕು ಎಂದರು ಆಸ್ಪತ್ರೆಯ ವೈದ್ಯರು. ಉಳೀತಾರಾ ಎಂದು ಅವಳು ಕೇಳುವಷ್ಟರಲ್ಲಿ ಅವರು ಆಪರೇಷನ್ ಕೋಣೆಯತ್ತ ಹೊರಟಾಗಿತ್ತು. ಪೊಲೀಸಿನವನು ಅವಳ ಲೈಸೆನ್ಸ್ ಇಸಿದುಕೊಂಡು, ಮುದುಕನ ಮಗಳು ಬರುವ ತನಕ ಇಲ್ಲೇ ಇರಿ ಎಂದ. ಇವಳೇ ಮನೆಯವಳೆಂದು ತಿಳಿದ ನರ್ಸ್ ಮುದುಕನ ಬೂಟುಗಳನ್ನು ತಂದು ಕೊಟ್ಟಿದ್ದಳು. ಲಿಫ್ಟಿನ ಬಾಗಿಲು ತೆರೆದಾಗಲೆಲ್ಲ ಸುನ್ರೆ ಬೆಚ್ಚಿ ಎದ್ದು ನಿಲ್ಲುತ್ತಿದ್ದಳು, ಬೂಟುಗಳನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು.