ಒಗೆಯುವ ಕಲ್ಲಿನ ಪಕ್ಕದ ನಾಲ್ಕು ಗಿಡ

ಆ ಸೀಮೆಯ ಮೆಣಸಿನಕಾಯಿಗೆ ಇದ್ದದ್ದು ಬಣ್ಣವೊಂದೇ. ಕಡುಗೆಂಪು, ಮೈತುಂಬ ಸುಕ್ಕು. ಕಚ್ಚಿದರೆ ಬರೀ ಸಪ್ಪೆ. ಆ ಸಪ್ಪೆಯೇ ನಲವತ್ತು ಮನೆಗಳ ಅನ್ನ. ಖಾರದ ಕಾಯಿ ಎಲ್ಲಿ ಬೇಕಾದರೂ ಬೆಳೆಯುತ್ತದೆ. ಕಾಯಿಯಿಂದ ಬಣ್ಣ ತೆಗೆಯುವ ಕಾರ್ಖಾನೆಗೆ ಬೇಕಾಗಿದ್ದದ್ದು ಇದು ಮಾತ್ರ. ನಲವತ್ತು ಮನೆಗೂ ಬೀಜ ಕೊಡುತ್ತಿದ್ದವಳು ಒಬ್ಬಳೇ. ಹಿತ್ತಲಲ್ಲಿ ಬೀಜಕ್ಕೆಂದೇ ಗಿಡ ಬೆಳೆಸಿ, ಕಾಯಿ ಆರಿಸಿ, ಬೀಜಕ್ಕೆ ಬೂದಿ ಬೆರೆಸಿ ಮಡಕೆಯಲ್ಲಿ ಕಾಪಾಡುತ್ತಿದ್ದ ಅವಳನ್ನು ಊರೆಲ್ಲ ಬೀಜದಕ್ಕ ಎನ್ನುತ್ತಿತ್ತು. ಆ ಹೆಸರಿನ ಮೇಲೆ ಅವಳಿಗೆ ಒಂಚೂರು ಜಂಬವೂ ಇತ್ತು, ಇರಲಿ ಬಿಡಿ.

ಈ ಸಲ ರೈತರ ಸಂಘದ ಗೋದಾಮಿನಲ್ಲಿ ಕಾರ್ಖಾನೆಯ ಪರೀಕ್ಷಕ ಮೂಟೆಗೊಂದರಂತೆ ಕಾಯಿ ಮುರಿದು ನಾಲಗೆಗೆ ಇಟ್ಟುಕೊಂಡ. ಮೂರನೆಯದಕ್ಕೆ ಕೆಮ್ಮಿದ. ಏಳನೆಯದಕ್ಕೆ ಕಣ್ಣಲ್ಲಿ ನೀರು ಬಂತು.

"ಇದು ನಿಮ್ಮ ಕಾಯಿ ಅಲ್ಲ ಕಣ್ರೀ. ನಾವು ತಗೊಳಲ್ಲ," ಎಂದವನೇ ಹೊರಟುಹೋದ.

ಸಂಘದ ಕಾರ್ಯದರ್ಶಿ ಬೀಜದಕ್ಕನ ಮೈದುನ, ಮುಂಗೋಪಿ. "ಇದು ಹಳ್ಳದಾಚೆಯವನ ಕೆಲಸ. ಹೋದ ವರ್ಷ ಖಾರದ ತಳಿ ಹಾಕಿದ್ದ. ಆ ಹೂವಿನ ಪರಾಗ ಹೊತ್ತ ಜೇನ್ನೊಣ ಬಂದು ನಮ್ಮ ಬೀಜ ಕೆಡಿಸಿದೆ. ಅವನನ್ನ ಸಂಘದಿಂದ ತೆಗೀಬೇಕು."

ಬಾಗಿಲಲ್ಲಿ ನಿಂತಿದ್ದ ಹಳ್ಳದಾಚೆಯ ರೈತ, "ನನ್ನ ಹೊಲ ಎಲ್ಲಿ, ಅಕ್ಕನ ಹಿತ್ತಲು ಎಲ್ಲಿ?" ಎಂದ. ಅವನ ಮಾತು ಯಾರ ಕಿವಿಗೂ ಬೀಳಲಿಲ್ಲ.

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ. ಮೂಟೆಗಳ ಪಕ್ಕ ನಿಂತಿದ್ದ ಬೀಜದಕ್ಕನ ಮನಸ್ಸು ಸೀದಾ ಹಿತ್ತಲಿನ ಒಗೆಯುವ ಕಲ್ಲಿಗೆ ಓಡಿತು. "ಊರಿಗೆಲ್ಲ ಮೆಣಸಿನಕಾಯಿ ಕೊಡೋಳ ಮನೇಲಿ ಊಟ ಸಪ್ಪೆ," ಎಂದು ಗಂಡ ಗೊಣಗಿದ್ದಕ್ಕೆ, ಹೋದ ವರ್ಷ ಸಂತೆಯಿಂದ ಖಾರದ ಸಸಿ ತಂದು ಅಲ್ಲಿ ಊರಿದ್ದಳು. ಬೀಜದ ಪಾತಿ ಅಲ್ಲಿಂದ ಹತ್ತು ಹೆಜ್ಜೆ. ನಾಲ್ಕೇ ಗಿಡ ಎಂದು ತನಗೆ ತಾನೇ ಹೇಳಿಕೊಂಡಿದ್ದಳು. ಜೇನ್ನೊಣಕ್ಕೆ ಲೆಕ್ಕ ಬರುತ್ತದೆಯೇ?

ಸುಮ್ಮನಿದ್ದರೆ ಮುಗಿಯುತ್ತಿತ್ತು. ಬಾಯಿ ಬಿಟ್ಟರೆ ಇನ್ನು ತನ್ನ ಬೀಜವನ್ನು ಯಾರು ಮುಟ್ಟುತ್ತಾರೆ?

"ಅವರನ್ನ ಬಿಡು," ಎಂದಳು ಮೈದುನನಿಗೆ. "ಖಾರದ ಗಿಡ ನಮ್ಮ ಹಿತ್ತಲಲ್ಲೇ ಇತ್ತು. ನಾನೇ ನೆಟ್ಟಿದ್ದು."

"ಅತ್ತಿಗೆ, ಸುಮ್ನಿರಿ."

"ನೀನೂ ತಿಂದಿದೀಯ. ಈಗ ಊಟಕ್ಕೆ ರುಚಿ ಬಂತು ನೋಡಿ ಅತ್ತಿಗೆ ಅಂದಿದ್ದೆ."

ಯಾರೂ ನಗಲಿಲ್ಲ. ಹಿಂದಿನಿಂದ ಯಾರೋ, "ಬೇಲಿನೇ ಎದ್ದು ಹೊಲ ಮೇಯ್ತು," ಎಂದರು.

ಆ ಸಂಜೆ ಅವಳು ನಾಲ್ಕೂ ಗಿಡ ಕಿತ್ತಳು. ಒಂದು ಹಳೆಯ ಮಡಕೆಯ ತಳದಲ್ಲಿ, ಆ ಗಿಡ ನೆಡುವುದಕ್ಕೂ ಹಿಂದಿನ ವರ್ಷದ ಬೀಜ ಒಂದು ಹಿಡಿ ಉಳಿದಿತ್ತು. ಅದನ್ನು ಬಟ್ಟೆಯಲ್ಲಿ ಕಟ್ಟಿ ಹಳ್ಳ ದಾಟಿ ಹೋಗಿ ಆ ರೈತನ ಕೈಗಿಟ್ಟಳು. "ನಿಮ್ಮ ಹೊಲ ಎಲ್ಲರಿಂದ ದೂರ. ಈ ವರ್ಷ ಇದೊಂದೇ ಹಾಕಿ."

"ಮೊಳಕೆ ಬರುತ್ತಾ?"

"ಗೊತ್ತಿಲ್ಲ."

ಬಂದರೂ ಒಂದು ಬೆಳೆ ಬೀಜಕ್ಕೇ ಹೋಗಬೇಕು. ಅಲ್ಲಿಯವರೆಗೆ ಕಾರ್ಖಾನೆ ಕಾಯುತ್ತದೆಂದು ಯಾರೂ ಮಾತು ಕೊಟ್ಟಿರಲಿಲ್ಲ.

ಮರುದಿನ ನಲ್ಲಿಯ ಬಳಿ ಓರಗಿತ್ತಿ ಅವಳ ಕೊಡಕ್ಕೆ ಜಾಗ ಬಿಟ್ಟಳು. ನಿನ್ನೆಯವರೆಗೂ ಊರವರಂತೆ ತಾನೂ ಬೀಜದಕ್ಕ ಎನ್ನುತ್ತಿದ್ದವಳು, "ಬನ್ನಿ ಅಕ್ಕ," ಎಂದಳು. ಬರೀ ಅಕ್ಕ.