ಯಾರು ಬೇಕಾದರೂ ಬಳಸಬಹುದು

ಊಟದ ನಂತರದ ಪಿರಿಯಡ್ಡನ್ನು ಯಾವ ಪುಣ್ಯಾತ್ಮ ಕಂಡುಹಿಡಿದನೋ ಗೊತ್ತಿಲ್ಲ, ಅವನು ಮೇಷ್ಟರಾಗಿರಲಿಲ್ಲ ಎಂಬುದಂತೂ ಖಂಡಿತ. ಕಂಪ್ಯೂಟರ್ ಕೋಣೆಯ ಫ್ಯಾನು ಇದ್ದ ಬಿಸಿಗಾಳಿಯನ್ನೇ ತಿರುತಿರುಗಿಸಿ ಬಡಿಸುತ್ತದೆ. ಹಿಂದಿನ ಸಾಲಿನ ಮಕ್ಕಳು ಕಣ್ಣು ತೆರೆದುಕೊಂಡೇ ನಿದ್ದೆ ಮಾಡುವ ವಿದ್ಯೆಯನ್ನು ಸಿದ್ಧಿಸಿಕೊಂಡಿದ್ದಾರೆ, ನಾನು ನಿಂತುಕೊಂಡೇ ಮಾಡುವುದನ್ನು ಕಲಿಯುತ್ತಿದ್ದೇನೆ. ನನ್ನ ಪಾಠದ ಹೆಸರು ದೊಡ್ಡದು: ಮಾಹಿತಿ ಹುಡುಕುವ ಕೌಶಲ. ವೇಳಾಪಟ್ಟಿಯ ಚೌಕದಲ್ಲಿ ಅದು ಹಿಡಿಸದೆ 'ಲೈಬ್ರರಿ' ಎಂದಷ್ಟೇ ಬರೆದಿದ್ದಾರೆ. ಗಣಿತದವರಿಗೆ ಪಾಠ ಮುಗಿಯದಿದ್ದರೆ ಮೊದಲು ಹಾರಿಹೋಗುವುದು ನನ್ನ ಪಿರಿಯಡ್ಡೇ. ಹಾರಿಹೋದ ದಿನ ನನಗೂ ಒಳಗೊಳಗೇ ಖುಷಿ.

ಕಲಿಸುವುದೇನು ಮಹಾ? ಅಂತರ್ಜಾಲದಲ್ಲಿ ಒಂದು ಮಾತು ಸಿಕ್ಕರೆ ನಂಬುವ ಮೊದಲು ಹೇಳಿದವರು ಯಾರು, ಅವರಿಗೆ ಆ ವಿಷಯ ಗೊತ್ತೇ, ಹೇಳುವುದರಿಂದ ಅವರಿಗೇನು ಲಾಭ ಎಂದು ಕೇಳಿ. ಬೇರೆಯವರ ಬರಹವನ್ನೋ ಚಿತ್ರವನ್ನೋ ಎತ್ತಿಕೊಳ್ಳುವ ಮೊದಲು ಅದು ಯಾರದು ಎಂದು ನೋಡಿ, ಅನುಮತಿ ಕೇಳಿ, ಹೆಸರು ಹಾಕಿ. ಇಷ್ಟನ್ನೇ ವರ್ಷವಿಡೀ ಬಡಕೊಂಡರೂ ಪ್ರಾಜೆಕ್ಟಿನ ಕೊನೆಯ ಹಾಳೆಯಲ್ಲಿ 'ಆಧಾರ: ಇಂಟರ್ನೆಟ್' ಎಂದು ಬರೆದು ತರುತ್ತಾರೆ. ವಿಳಾಸ ಕೇಳಿದರೆ 'ಭೂಮಿ' ಅಂದ ಹಾಗೆ. ಒಬ್ಬನಂತೂ ತನ್ನ ಸ್ವಂತ ಅಜ್ಜನ ಮೇಲಿನ ಪ್ರಬಂಧವನ್ನೂ ಎಲ್ಲಿಂದಲೋ ನಕಲು ಮಾಡಿದ್ದ. ಅಜ್ಜ ಹಡಗಿನ ಕ್ಯಾಪ್ಟನ್ ಆಗಿ ಬಿರುಗಾಳಿಯಲ್ಲಿ ಸತ್ತದ್ದನ್ನು ಓದಿ ನಾನು ಕಣ್ಣೊರೆಸಿಕೊಂಡೆ. ಮುಂದಿನ ವಾರ ಅದೇ ಅಜ್ಜ ಪೋಷಕರ ಸಭೆಗೆ ಬಂದು ಮುಂದಿನ ಕುರ್ಚಿಯಲ್ಲಿ ಕೂತಿದ್ದರು.

ಕೃತಿಸ್ವಾಮ್ಯದ ಪಾಠಕ್ಕೆ ನನ್ನದೇ ಒಂದು ಫೋಟೋ ಇದೆ. ಕಲಿಸುವವಳೇ ಬೇರೆಯವರ ಚಿತ್ರ ಕದಿಯಬಾರದಲ್ಲ, ಅದಕ್ಕೆ ಕೆಲವು ವರ್ಷಗಳ ಹಿಂದೆ ನಾನೇ ತೆಗೆದದ್ದು. ನಮ್ಮ ಕಟ್ಟಡದ ಮೆಟ್ಟಿಲ ಮೇಲೆ ಅಮ್ಮ ಒಗೆದ ಬಟ್ಟೆಯ ಬಕೆಟ್ ಹಿಡಿದು ಮಹಡಿಗೆ ಹೊರಟಿದ್ದಾಳೆ, ತಿರುಗಿ ನೋಡಿ ಬಾಯ್ತುಂಬ ನಗುತ್ತಿದ್ದಾಳೆ. ಆಗ ಬಟ್ಟೆ ಒಣಗಿಸುವುದು ಅವಳ ಕೆಲಸವಾಗಿತ್ತು. ಅದು ಯಾವಾಗ ನನ್ನ ಕೊರಳಿಗೆ ಬಿತ್ತೋ ನೆನಪಿಲ್ಲ. ಆ ಫೋಟೋವನ್ನು ಶಾಲೆಯ ಜಾಲತಾಣಕ್ಕೆ ಹಾಕಿ, ಕೆಳಗೆ ಶಿಸ್ತಾಗಿ 'ಚಿತ್ರದಲ್ಲಿರುವವರು: ನಿವೃತ್ತ ದಾದಿ' ಎಂದೂ 'ಯಾರು ಬೇಕಾದರೂ ಬಳಸಬಹುದು' ಎಂದೂ ಬರೆದಿದ್ದೆ. ಚಿತ್ರದ ಒಡೆಯರು ಇಷ್ಟಪಟ್ಟರೆ ಹೀಗೆ ಬಿಟ್ಟುಕೊಡಬಹುದು ಎಂದು ಮಕ್ಕಳಿಗೆ ತಿಳಿಯಲಿ ಎಂದು. ಪ್ರತಿ ವರ್ಷ ಅವರಿಗೆ ಬರೀ ಚಿತ್ರ ಕೊಟ್ಟು, ಇದು ಎಲ್ಲಿಂದ ಬಂತು ಹುಡುಕಿ ಎನ್ನುತ್ತೇನೆ. ಅವರು ಹುಡುಕಿ ಶಾಲೆಯ ಪುಟಕ್ಕೆ ಬಂದು, ಆ ಸಾಲು ಓದಿ, 'ಬಳಸಬಹುದು ಮಿಸ್' ಎನ್ನುತ್ತಾರೆ. ಅಲ್ಲಿಗೆ ಗಂಟೆ ಹೊಡೆಯುತ್ತದೆ.

ಈ ವರ್ಷ ಗಂಟೆಗೆ ಮುಂಚೆ 'ಯಾಕ್ ಮಿಸ್' ಕೈಯೆತ್ತಿದಳು. ಬಾಯಿ ತೆರೆದರೆ ಮೊದಲು ಬರುವ ಮಾತು ಅದೇ ಆದ್ದರಿಂದ ಇಡೀ ಶಾಲೆ ಆ ಹುಡುಗಿಯನ್ನು ಹಾಗೇ ಕರೆಯುವುದು.

"ಯಾಕ್ ಮಿಸ್ ಈ ಅಜ್ಜಿ ಎಣ್ಣೆ ಮಾರ್ತಿದ್ದಾರೆ?"

ತಲೆಹರಟೆ ಎಂದುಕೊಂಡೇ ಹೋಗಿ ಬಗ್ಗಿ ನೋಡಿದೆ. ಪರದೆಯ ಮೇಲೆ ಅಮ್ಮ. ಕೈಯಲ್ಲಿದ್ದ ಬಕೆಟ್ ಮಾಯವಾಗಿ ಹಸಿರು ಬಾಟಲಿ ಬಂದಿತ್ತು. ಪಕ್ಕದಲ್ಲಿ ದಪ್ಪಕ್ಷರದಲ್ಲಿ, 'ಮೊಣಕಾಲಿಗೆ ಈ ಎಣ್ಣೆ ಹಚ್ಚಿದ ಮೇಲೆ ಹಾಡ್ತಾ ಹಾಡ್ತಾ ಮೆಟ್ಟಿಲು ಹತ್ತುತ್ತೇನೆ! ದಾದಿಯಾಗಿ ಹೇಳುತ್ತಿದ್ದೇನೆ, ನಂಬಿ.'

"ಇವರು ನಮ್ಮಮ್ಮ" ಎಂದೆ. ಹಿಂದಿನ ಸಾಲು ಕೂಡ ಎಚ್ಚರವಾಯಿತು.

"ಹಾಗಾದ್ರೆ ಇದು ಕಳ್ಳತನ ಅಲ್ವಾ ಮಿಸ್?"

"ಫೋಟೋ ತಗೊಂಡಿದ್ದು ಕಳ್ಳತನ ಅಲ್ಲ. ನಾನೇ ಯಾರು ಬೇಕಾದ್ರೂ ತಗೊಳ್ಳಿ ಅಂದಿದ್ದೀನಿ. ಅವರು ಆಡದೇ ಇರೋ ಮಾತನ್ನ ಅವರ ಬಾಯಿಗೆ ಹಾಕಿದ್ದಾರಲ್ಲ, ಅದು ಮೋಸ."

"ಯಾಕ್ ಮಿಸ್, ಯಾರು ಬೇಕಾದ್ರೂ ಅಂತ ಬರೆಯೋವಾಗ ಅಜ್ಜಿನ ಕೇಳಿದ್ರಾ?"

"ಫೋಟೋ ತೆಗೆದವರದೇ ಹಕ್ಕು. ಮೊದಲನೇ ಸ್ಲೈಡಲ್ಲೇ ಇದೆ."

"ಇದೆ ಮಿಸ್" ಎಂದಳು ಅವಳು. ಆದರೂ ನನ್ನ ಮುಖವನ್ನೇ ನೋಡುತ್ತಿದ್ದಳು. ಶಾಲೆಯ ಪುಟದಿಂದ ಆ ಸಾಲನ್ನು ಅಲ್ಲೇ ಅಳಿಸಿ ಹಾಕಿದೆ. ಆದರೆ ಒಮ್ಮೆ ಹೀಗೆ ಕೊಟ್ಟದ್ದನ್ನು ಕೊಂಡುಹೋದವರಿಂದ ವಾಪಸ್ ಕೇಳುವಂತಿಲ್ಲ ಎನ್ನುವುದೂ ನನ್ನದೇ ಪಾಠ, ಅದು ಎರಡನೇ ಸ್ಲೈಡಿನಲ್ಲಿದೆ.

ಮನೆಗೆ ಬರುವಷ್ಟರಲ್ಲಿ ಕೈಕಾಲು ಬಿದ್ದುಹೋಗಿರುತ್ತವೆ. ಅಂದೂ ಅಮ್ಮ ಎಂದಿನಂತೆ ಕಿಟಕಿ ಪಕ್ಕದ ಕುರ್ಚಿಯಲ್ಲಿ ಕೂತಿದ್ದಳು. ಫ್ಲಾಸ್ಕಿನಲ್ಲಿ ಟೀ ಹಾಕಿಟ್ಟಿದ್ದಳು. ನಾನು ಚಪ್ಪಲಿ ಬಿಡದೆಯೇ ಫೋನ್ ತೋರಿಸಿದೆ. ಅವಳು ಕನ್ನಡಕ ಹುಡುಕಿ ಹಾಕಿಕೊಂಡಳು.

"ಫೋಟೋ ಚೆನ್ನಾಗೇ ಬಂದಿದೆ" ಎಂದಳು. ಆಮೇಲೆ ಕೆಳಗಿನದನ್ನು ಓದಿದಳು, ಇನ್ನೊಮ್ಮೆ ಓದಿದಳು. "ನಾನು ಹೀಗಂದ್ನಾ?"

"ನೀನೆಲ್ಲಿ ಅಂದೆ? ಅವರೇ ಬರ್ಕೊಂಡಿದ್ದಾರೆ."

ಅಮ್ಮ ಫೋನನ್ನು ಮಡಿಲಲ್ಲಿ ಕವುಚಿ ಹಾಕಿದಳು. "ಅದಕ್ಕೇ" ಎಂದಳು. "ಅದಕ್ಕೇ ಅವಳು ಬೆಂಚು ಬದಲಾಯಿಸಿದ್ದು."

ಅವಳು ಎಂದರೆ ಮೇಲ್ಮನೆ ಚಿಕ್ಕಮ್ಮ. ರಕ್ತಸಂಬಂಧವೇನಿಲ್ಲ, ಬಾಯಿಮಾತಿನ ಚಿಕ್ಕಮ್ಮ. ಲಿಫ್ಟಿಲ್ಲದ ಈ ಕಟ್ಟಡದಲ್ಲಿ ನಾವು ನೆಲಮಹಡಿ, ಆಕೆ ಎಲ್ಲಕ್ಕಿಂತ ಮೇಲೆ. ಆಯುಷ್ಯವೆಲ್ಲ ಹೊಲಿಗೆ ಯಂತ್ರ ತುಳಿದು ಮೊಣಕಾಲು ಸವೆಸಿಕೊಂಡ ದರ್ಜಿ. ಆದರೂ ದಿನಾ ಬೆಳಿಗ್ಗೆ ಗೊಣಗುತ್ತಾ ಕೆಳಗಿಳಿದು ಬಂದು, ನಮ್ಮ ಬಾಗಿಲು ಬಡಿದು, ಅಮ್ಮನನ್ನು ಎದುರಿನ ಪಾರ್ಕಿನ ಬೆಂಚಿಗೆ ಕರೆದೊಯ್ಯುತ್ತಿದ್ದಳು. ಅಪ್ಪ ಹೋದ ಮೇಲೆ ಅಮ್ಮನಿಗೆ ಅಂತ ಉಳಿದದ್ದು ಆ ಬೆಂಚು, ಆ ಹೆಂಗಸು, ಅವರಿಬ್ಬರ ಮುಗಿಯದ ಮಾತು. ಅಮ್ಮ ಈಚೆಗೆ ಹೊರಗೆ ಹೋಗುತ್ತಿಲ್ಲವೆಂದು ನಾನೂ ಗಮನಿಸಿದ್ದೆ. ಕೇಳಿದಾಗ ಬಿಸಿಲು ಎಂದಿದ್ದಳು. ನನಗೂ ಮುಂದಕ್ಕೆ ಕೇಳುವಷ್ಟು ಚೈತನ್ಯ ಇರಲಿಲ್ಲ.

"ಅವಳ ಮೊಣಕಾಲಿಗೆ ಪಟ್ಟಿ ಕಟ್ಟಿದ್ರು. ಏನಾಯ್ತೇ ಅಂದೆ. ನಿಂಗೇ ಗೊತ್ತಲ್ಲ ಅಂತ ಹೇಳಿ ಎದ್ದು ಬೇರೆ ಬೆಂಚಿಗೆ ಹೋಗ್ಬಿಟ್ಳು. ನಾನೇನು ಮಾಡಿದ್ನೋ ಅಂತ ಯೋಚಿಸಿ ಯೋಚಿಸಿ ತಲೆ ಚಿಟ್ಟು ಹಿಡಿದುಹೋಗಿತ್ತು ಕಣೆ." ಅಮ್ಮ ಕನ್ನಡಕ ತೆಗೆದಳು. "ನನ್ನ ಮುಖ ನೋಡಿ ಎಣ್ಣೆ ತಗೊಂಡಿದ್ದಾಳೆ. ಅವಳು ಮಾತು ಬಿಟ್ರೆ ನಾನು ಯಾರ ಹತ್ರ ಮಾತಾಡ್ಲಿ?"

ನಾನಿದ್ದೇನಲ್ಲ ಎಂದು ಹೇಳಬೇಕಿತ್ತು. ಹೇಳಲಿಲ್ಲ, ಯಾಕೆಂದರೆ ನಾನು ಇರುವುದು ಹೇಗೆಂದು ನನಗೂ ಗೊತ್ತು, ಅವಳಿಗೂ ಗೊತ್ತು.

ನನಗೆ ಗೊತ್ತಿದ್ದದ್ದನ್ನು ಮಾಡಿದೆ. ಮರುದಿನ ತರಗತಿಯಲ್ಲಿ, ಈ ಜಾಹೀರಾತು ಸುಳ್ಳೆಂದು ತೋರಿಸಿಕೊಡಿ ಎಂದೆ. ಅಷ್ಟು ವರ್ಷದಲ್ಲಿ ಮೊದಲ ಬಾರಿಗೆ ನನ್ನ ಪಿರಿಯಡ್ಡಿನಲ್ಲಿ ಯಾರೂ ತೂಕಡಿಸಲಿಲ್ಲ. ಎಣ್ಣೆಯ ಜಾಲತಾಣ ಹುಟ್ಟಿದ್ದೇ ಮೊನ್ನೆಮೊನ್ನೆ ಎಂದು ಒಬ್ಬರು ಕಂಡುಹಿಡಿದರು. ಕಂಪನಿಗೆ ವಿಳಾಸವೇ ಇಲ್ಲವೆಂದು ಇನ್ನೊಬ್ಬರು. 'ಯಾಕ್ ಮಿಸ್' ಆ ಹಾಡ್ತಾ ಹತ್ತುವ ಮಾತನ್ನೇ ಹಿಡಿದು ಹುಡುಕಿ, ಅಕ್ಷರಕ್ಷರ ಅದೇ ಮಾತನ್ನು ಬೇರೆ ಬೇರೆ ಅಜ್ಜ ಅಜ್ಜಿಯರು ಬೇರೆ ಬೇರೆ ಬಾಟಲಿ ಹಿಡಿದು ಹೇಳುತ್ತಿರುವುದನ್ನು ಪತ್ತೆ ಮಾಡಿದಳು. ಜಾಹೀರಾತು ಹಾಕಿದ ತಾಣಕ್ಕೆ ದೂರು ಬರೆದೆವು. 'ನಿಮ್ಮ ಪತ್ರ ತಲುಪಿದೆ, ನಿಮ್ಮ ಅನಿಸಿಕೆ ನಮಗೆ ಅಮೂಲ್ಯ' ಎಂದು ಯಂತ್ರ ಉತ್ತರಿಸಿತು. ಎಲ್ಲವನ್ನೂ ಪ್ರಿಂಟ್ ತೆಗೆದು, ಒಂದೊಂದರ ಕೆಳಗೂ ಎಲ್ಲಿಂದ ಬಂತೆಂದು ಬರೆಸಿ, ಪಿನ್ ಹೊಡೆಸಿದೆ. ಇಷ್ಟು ಅಚ್ಚುಕಟ್ಟಾದ ಕೆಲಸವನ್ನು ನನ್ನ ಮಕ್ಕಳು ಹಿಂದೆಂದೂ ಮಾಡಿರಲಿಲ್ಲ. ದಾರಿಯುದ್ದಕ್ಕೂ ನನ್ನ ಬೆನ್ನನ್ನು ನಾನೇ ತಟ್ಟಿಕೊಳ್ಳುತ್ತಾ ಬಂದೆ.

ಮನೆಗೂ ಹೋಗದೆ ನೇರ ಮೆಟ್ಟಿಲು ಹತ್ತಿದೆ. ಮೇಲ್ಮನೆ ಚಿಕ್ಕಮ್ಮ ಒಳಗೆ ಬಿಟ್ಟುಕೊಂಡಳು, ಕೂತುಕೋ ಎನ್ನಲಿಲ್ಲ. ಎರಡೂ ಮೊಣಕಾಲಿಗೆ ಬಿಳಿ ಬಟ್ಟೆ ಸುತ್ತಿತ್ತು. ಹೊಲಿಗೆಯ ಪಕ್ಕಾತನ ನೋಡುವವಳ ಹಾಗೆ ನನ್ನ ಹಾಳೆಗಳನ್ನು ಒಂದೊಂದಾಗಿ ತಿರುವಿದಳು.

"ಇದನ್ನೆಲ್ಲ ಎಲ್ಲಿಂದ ತಂದೆ?"

"ಇಂಟರ್ನೆಟ್ಟಿಂದ, ಚಿಕ್ಕಮ್ಮ. ಆದ್ರೆ..."

"ಎಣ್ಣೆನೂ ಅಲ್ಲಿಂದ್ಲೇ ಬಂತು."

"ಅಮ್ಮ ಆ ಮಾತು ಹೇಳೇ ಇಲ್ಲ. ಫೋಟೋ ನಾನು ತೆಗೆದಿದ್ದು. ಯಾರೋ ಎತ್ಕೊಂಡು ಸುಳ್ಳು ಬರೆದಿದ್ದಾರೆ. ನೋಡಿ, ಇದೇ ಮಾತನ್ನ ಇವರೂ ಹೇಳಿದ್ದಾರೆ, ಇವರೂ..."

"ಅವರು ಯಾರೋ ನಂಗೇನು ಗೊತ್ತು?" ಹಾಳೆಗಳನ್ನು ನನ್ನ ಕೈಗೇ ಹಿಂದಿರುಗಿಸಿದಳು. "ನೀನೇ ಹೇಳ್ತಿದ್ದೆ, ನಂಬೋಕೆ ಮುಂಚೆ ಹೇಳಿದೋರು ಯಾರು ಅಂತ ನೋಡ್ಬೇಕು ಅಂತ. ನಾನು ನೋಡ್ದೆ. ಸಿನಿಮಾದೋರು ಹೇಳಿದ್ರೆ ಅತ್ತ ತಿರುಗಿಯೂ ನೋಡ್ತಿರ್ಲಿಲ್ಲ. ನಿಮ್ಮಮ್ಮ. ದಾದಿ ಕೆಲಸ ಮಾಡಿದೋಳು. ಇಷ್ಟು ವರ್ಷ ಪಕ್ಕದಲ್ಲಿ ಕೂತೋಳು. ಅವಳನ್ನ ನಂಬದೆ ಇನ್ಯಾರನ್ನ ನಂಬ್ಲಿ?"

"ಅಮ್ಮನ್ನೇ ಒಂದ್ಮಾತು ಕೇಳ್ಬಹುದಿತ್ತಲ್ಲ?"

"ಕೇಳೋದೇನು? ದಿನಾ ಪಕ್ಕ ಕೂತು, ಅಯ್ಯೋ ನಿನ್ನ ಮೊಣಕಾಲೇ ಅಂತ ನಂಗೆ ಮರುಗೋಳು. ತನ್ನ ಕಾಲು ನೋಯತ್ತೆ ಅಂತ ಒಂದಿನ ಅಂದಿಲ್ಲ. ಹಾಗಾದ್ರೆ ವಾಸಿಯಾಗಿದೆ ಅಂತ ತಾನೆ ಅರ್ಥ? ಊರಿಗೆಲ್ಲ ಹೇಳಿದ ಔಷಧಿನ ನಂಗೊಬ್ಬಳಿಗೆ ಹೇಳ್ಲಿಲ್ಲ." ಆಕೆಯ ಕಣ್ಣು ತುಂಬಿತ್ತು. "ಎಣ್ಣೆಯಿಂದ ಬೊಬ್ಬೆ ಎದ್ದಿದ್ದಕ್ಕೆ ಸಿಟ್ಟಿಲ್ಲ ನಂಗೆ. ಅದು ವಾಸಿಯಾಗತ್ತೆ. ಹೋಗು, ನಿಂಗೂ ಸುಸ್ತಾಗಿರತ್ತೆ."

ಜಾಹೀರಾತಿನ ಪ್ರತಿ ಸಾಲಿಗೂ ನನ್ನ ಕೈಯಲ್ಲಿ ಉತ್ತರವಿತ್ತು. ಆ ಹಾಳೆಗಳನ್ನು ಹಿಡಿದುಕೊಂಡೇ ಇಳಿದು ಬಂದೆ.

ಅಮ್ಮ ಕುರ್ಚಿಯಲ್ಲಿ ಕಾಯುತ್ತಿದ್ದಳು. ನಡೆದದ್ದನ್ನು ಹೇಳಿದೆ. ನಿನ್ನ ಕಾಲು ನೋಯುತ್ತದೆಂದು ಒಂದು ದಿನವೂ ನೀನು ಹೇಳಲಿಲ್ಲವಂತೆ ಎನ್ನುವಲ್ಲಿಗೆ ಬಂದಾಗ ಅಮ್ಮ ಕೈ ಚಾಚಿದಳು.

"ಚಪ್ಪಲಿ ಕೊಡು."

"ಎಲ್ಲಿಗೆ?"

"ಮೇಲಕ್ಕೆ."

"ನಾಳೆ ಹೋಗೋಣಮ್ಮ. ನಂಗೆ ಸಾಕಾಗಿದೆ."

"ನೀನೇನು ಬರ್ಬೇಡ. ಚಪ್ಪಲಿ ಕೊಡು ಸಾಕು."

ಕೊಟ್ಟೆ. ಅವಳು ಕುರ್ಚಿಯ ಎರಡೂ ತೋಳು ಹಿಡಿದು ಮುಂದಕ್ಕೆ ತೂಗಿದಳು, ಏಳಲಿಲ್ಲ. ಮತ್ತೊಮ್ಮೆ ತೂಗಿ ಎದ್ದಳು. ಗೋಡೆ ಹಿಡಿದುಕೊಂಡು ಬಾಗಿಲಿಗೆ ಹೋದಳು. ನಾನು ಹಾಳೆಗಳನ್ನು ಕೆಳಗಿಡುವುದನ್ನೂ ಮರೆತು ಹಿಂದೆಯೇ ಹೋದೆ.

ಮೆಟ್ಟಿಲ ಬುಡದಲ್ಲಿ ನಿಂತು ಅಮ್ಮ ಮೇಲೆ ನೋಡಲಿಲ್ಲ. ಕಟಕಟೆಯನ್ನು ಒಂದು ಕೈಯಿಂದ ಹಿಡಿದು, ಬಲಗಾಲನ್ನು ಎತ್ತಿಟ್ಟು, ತೊಡೆಯನ್ನು ಇನ್ನೊಂದು ಅಂಗೈಯಿಂದ ಒತ್ತಿ, ಎಡಗಾಲನ್ನು ಅದೇ ಮೆಟ್ಟಿಲಿಗೆ ಎಳೆದುಕೊಂಡಳು. ಉಸಿರು ಬಿಟ್ಟಳು. ಮತ್ತೆ ಬಲಗಾಲು. ಅದೇ ಮೆಟ್ಟಿಲು, ಅದೇ ಕಟಕಟೆ, ಫೋಟೋದಲ್ಲಿ ಬಕೆಟ್ ಹಿಡಿದು ಅವಳು ತಿರುಗಿ ನಕ್ಕಿದ್ದ ಜಾಗ. ಬಟ್ಟೆ ಒಣಗಿಸುವ ಕೆಲಸ ನನ್ನ ಕೊರಳಿಗೆ ಯಾಕೆ ಬಿತ್ತೆಂದು ಆಗ ಗೊತ್ತಾಯಿತು. ನಾನು ಗೊಣಗಿಕೊಂಡು ಬಕೆಟ್ ಎತ್ತಿಕೊಂಡಾಗಲೆಲ್ಲ ಅವಳು ಸುಮ್ಮನೆ ಕೂತಿರುತ್ತಿದ್ದಳು. ಕೈ ಹಿಡಿಯಲು ಹೋದರೆ ಕೊಡವಿಕೊಂಡಳು.

ಅರ್ಧ ಹತ್ತುವಷ್ಟರಲ್ಲಿ ಮೇಲೆ ಬಾಗಿಲು ತೆರೆಯಿತು. ಇಷ್ಟು ನಿಧಾನದ ಹೆಜ್ಜೆ ಸದ್ದು ಯಾರದೆಂದು ನೋಡಲು ಮೇಲ್ಮನೆ ಚಿಕ್ಕಮ್ಮ ಕಟಕಟೆಗೆ ಬಂದು ಬಗ್ಗಿದಳು. ಅಮ್ಮನಿಗೆ ಮುಂದಿನ ಮೆಟ್ಟಿಲು ಬಿಟ್ಟರೆ ಬೇರೇನೂ ಕಾಣುತ್ತಿರಲಿಲ್ಲ. ಚಿಕ್ಕಮ್ಮ ಅವಳು ಒಂದು ಮೆಟ್ಟಿಲು ಹತ್ತುವುದನ್ನು ನೋಡಿದಳು, ಇನ್ನೊಂದನ್ನೂ ನೋಡಿದಳು.

"ಅಲ್ಲೇ ನಿಲ್ಲೇ! ಹತ್ಬೇಡ. ನಾನೇ ಬರ್ತೀನಿ."

ಪಟ್ಟಿ ಕಟ್ಟಿದ ಕಾಲುಗಳನ್ನು ಎಳೆದುಕೊಂಡು ಅವಳು ಇಳಿದಳು. ಇಬ್ಬರೂ ಅರ್ಧದಾರಿಯಲ್ಲಿ ಸಿಕ್ಕಿ, ಗೋಡೆಗೊರಗಿ ಒಂದೇ ಮೆಟ್ಟಿಲ ಮೇಲೆ ಕುಸಿದು ಕೂತರು. ಇಬ್ಬರಿಗೂ ಏದುಸಿರು.

"ಹಾಡ್ತಾ ಹಾಡ್ತಾ ಹತ್ತುತ್ತೀಯಂತೆ?" ಎಂದಳು ಚಿಕ್ಕಮ್ಮ.

"ಉಸಿರಿದ್ರೆ ತಾನೆ ಹಾಡೋದು" ಎಂದಳು ಅಮ್ಮ.

ಚಿಕ್ಕಮ್ಮ ನಗಲು ಹೋಗಿ ಅತ್ತಳು. "ಇಷ್ಟು ಹಾಳು ಮಾಡ್ಕೊಂಡಿದ್ದೀಯಲ್ಲ, ನಂಗ್ಯಾಕೆ ಹೇಳ್ಲಿಲ್ಲ?"

"ನಿನ್ನ ನೋವೇ ನಿಂಗೆ ಹಾಸಿ ಹೊದೆಯೋವಷ್ಟಿತ್ತು."

"ಮಗಳಿಗೂ ಹೇಳಿಲ್ವಾ?"

"ಅವಳು ಬರೋ ಹೊತ್ತಿಗೆ ನಾನು ಕೂತೇ ಇರ್ತೀನಲ್ಲ. ಟೀನೂ ಫ್ಲಾಸ್ಕಲ್ಲಿ ಇರತ್ತೆ." ದೂರುವ ಧ್ವನಿಯೇ ಇರಲಿಲ್ಲ ಅದರಲ್ಲಿ. ಕೆಳಗಿನ ಮೆಟ್ಟಿಲಲ್ಲಿ ಕಾಗದದ ಕಂತೆ ಹಿಡಿದು ನಿಂತಿದ್ದ ನನ್ನನ್ನು ಆಗಷ್ಟೇ ನೋಡಿದಳು. "ಯಾಕೆ ನಿಂತಿದ್ದೀಯ? ಸಾಕಾಗಿದೆ ಅಂದ್ಯಲ್ಲ, ಕೂತ್ಕೋ."

ಕೂತೆ. ಅಮ್ಮನ ಮೊಣಕಾಲು ನನ್ನ ಕಣ್ಣಿನ ಎದುರಿಗೇ ಬಂತು. ಬಟ್ಟೆಯ ಮೇಲಿಂದಲೂ ಊತ ಕಾಣುತ್ತಿತ್ತು. ಹಾಳೆಗಳನ್ನು ಕೆಳಗಿಟ್ಟು ಅದರ ಮೇಲೆ ಕೈಯಿಟ್ಟೆ, ಬಿಸಿಯಾಗಿತ್ತು.

"ತುಂಬಾ ನೋಯತ್ತಾ ಅಮ್ಮಾ?"

ಅಮ್ಮ ಮೊದಲು ಚಿಕ್ಕಮ್ಮನ ಮುಖ ನೋಡಿದಳು, ಆಮೇಲೆ ನನ್ನದು.

"ಹೂಂ" ಎಂದಳು.